ಆಕೀ ಸಹಿ ಬ್ಯಾಡ

ಗದಗಿನ ಸಬ್ ರಜಿಸ್ಟ್ರಾರ್ ಕಚೇರಿ ಮುಂದ
ಬೇವಿನ ಗಿಡದ ಕೆಳಗ ನನ್ನ ಟೇಬಲ್ಲು.
ಅದರ ಗಿಡ್ಡ ಕಾಲಿಗೆ ಮಡಚಿ ಇಟ್ಟೇನಿ
ಯಾರದೋ ವಾಟ್ನಿ ಪತ್ರ, ಬರದದ್ದು, ಸಹಿ ಆಗಲಾರದ್ದು.
ಇಪ್ಪತ್ತಾರು ವರ್ಷ ಆತು, ಟೇಬಲ್ ಅಳ್ಳಾಡಿಲ್ಲ.

ಬೆಟಗೇರಿಯಿಂದ ಅಂಬೂಬಾಯಿ ಕಬಾಡಿ ಬಂದ್ಲು,
ಎಪ್ಪತ್ತೆಂಟು ವಯಸ್ಸು, ಸಾವಜಿ ಖಾನಾವಳಿ ಒಡತಿ.
ಸೆರಗಿಗೆ ಖಾರದ ವಾಸನಿ. ಕೈಯಾಗ ಪ್ಲಾಸ್ಟಿಕ್ ಚೀಲ,
ಚೀಲದಾಗ ಸಿಟಿ ಸರ್ವೆ ಉತಾರ, ಕರೆಂಟ್ ಬಿಲ್ಲು,
ಗಂಡನ ಮರಣದ ದಾಖಲೆ,
ಅದರ ಮಡಿಕ್ಯಾಗ ಹೆಂಗೋ ಸಿಕ್ಕೊಂಡ ಒಂದು ಲವಂಗ.

"ಮಗಾ ಬಕ್ಷೀಸ ಪತ್ರ ಮಾಡಿಸು ಅಂತಾನ. ಕೆಟ್ಟಾಂವ ಅಲ್ಲ.
ಮಗಳು ಏನೂ ಅನ್ನಂಗಿಲ್ಲ. ಅದಽ ನನಗ ಹೆದರಿಕಿ."

ನಾ ಹೇಳಿದೆ: ಬಕ್ಷೀಸ ಕೊಟ್ರ ಕೊಟ್ಟಂಗವ್ವಾ.
"ನನ್ನ ಜ್ವಾಪಾನ ಮಾಡಬೇಕು" ಅನ್ನೂ ಕರಾರು ಬರೀದಿದ್ರ
ನಾಳೆ ಎಸಿ ಸಾಹೇಬ್ರ ಮುಂದ ನಿನ್ನ ಕೈ ಖಾಲಿ.
ಮೃತ್ಯುಪತ್ರ ಆದ್ರ, ನೀ ಇರೂತನಾ ನಿಂದು.
ಸಿಟ್ಟು ಬಂದ್ರ ಹರಿ, ಮತ್ತೊಂದು ಬರಸು.

"ಹರೀಬಹುದಾ?" ಮುದುಕಿ ಕಣ್ಣಾಗ
ಬ್ಯಾಡಗಿ ಮೆಣಸಿನಕಾಯಿ ಮಿಂಚಿತು. "ಅದನ್ನಽ ಬರಿ."

*ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ*
ಅಂತ ಓದಿದೆ.
"ಮುಂಜಾನೆ ನಾಕಕ್ಕ ಒಲಿ ಹಚ್ಚಾಕಿಗೆ
ಎಲ್ಲೀ ಸ್ವಸ್ಥ ಚಿತ್ತಲೇ?" ಅಂದ್ಲು.
ಬರೀಲೇಬೇಕವ್ವಾ, ಕಾಯ್ದೇ.
"ಹಂಗಾರ ಬರಿ. ಕಾಯ್ದೇರ ನಂಬಲಿ."

ಸ್ವಂತ ದುಡಿದು ಕೊಂಡ ಮನಿ. ಚೆಕ್ಕುಬಂದಿ:
ಪೂರ್ವಕ್ಕ ಗಟಾರ. ಪಶ್ಚಿಮಕ್ಕ ಜಿತೂರಿಯವರ ಗ್ವಾಡಿ.
ಉತ್ತರಕ್ಕ ರಸ್ತಾ. ದಕ್ಷಿಣಕ್ಕ...
ಇಲ್ಲಿ ತಡದ್ಲು. "ದಕ್ಷಿಣದ ಖೋಲಿ ಬ್ಯಾರೇ ಬರಿ.
ಹೆಸರು ಆಮ್ಯಾಲ ಹೇಳ್ತೇನಿ."
ಉಳಿದದ್ದು ಮಗಗ, ಮಗಳಿಗೆ, ಸಮಾ ಸಮಾ.

ಸಾಕ್ಷಿ ಇಬ್ಬರು ಬೇಕು. ಒಬ್ಬಾಕಿ ತಯಾರಿದ್ಲು,
ಎದುರಿನ ಖಾನಾವಳಿ ಪೂರ್ಣಾಬಾಯಿ, ಮೂವತ್ತು ವರ್ಷದ ದುಶ್ಮನ್.
"ನನ್ನ ಸಲುವಾಗಿ ಸುಳ್ಳು ಹೇಳಾಕಿ ಅಲ್ಲ, ಬರಕೋ."
ಇನ್ನೊಬ್ಬಾಕಿ ದಾವಲಬಿ,
ಇಷ್ಟೊತ್ತೂ ನೀರಿನ ಬಾಟ್ಲಿ ಹಿಡದು ನಿಂತಾಕಿ,
ಹತ್ತೊಂಬತ್ತರಾಗ ಉಳ್ಳಾಗಡ್ಡಿ ಹೆಚ್ಚಾಕ ಬಂದು
ಈಗ ಐವತ್ತು ದಾಟ್ಯಾಳ.
ರಾತ್ರಿ ಶಾಲ್ಯಾಗ ಕಲತ ನಾಕು ಅಕ್ಷರ ಬರೀಲಿಕ್ಕೆ
ಪೆನ್ನಿನ ಟೋಪಿ ತಗದು ಬಾಗಿದ್ಲು.

ಎಲ್ಲಾರಿಗೂ ಕೇಳೂ ಪ್ರಶ್ನಿ ಕೇಳಿದೆ:
ಈ ಪತ್ರದಾಗ ಸಾಕ್ಷಿಗೆ ಏನರ ಹೋಗತೈತೇನವ್ವಾ?
ಪಡ್ಯಾಕೀನಽ ಸಾಕ್ಷಿ ಆದ್ರ
ನಾಳೆ ವಕೀಲರು ಮೊದಲ ಅಲ್ಲೇ ಹಿಡೀತಾರ.

ಅಂಬೂಬಾಯಿ ಬೇವಿನ ಗಿಡಾ ನೋಡಿದ್ಲು.
ಕಚೇರ್ಯಾಗ ಯಾರದೋ ಟೋಕನ್ ನಂಬರ್ ಕೂಗಿದ್ರು.
"ಹಂಗಾರ," ಅಂದ್ಲು, "ಆಕೀ ಸಹಿ ಬ್ಯಾಡ."

ದಾವಲಬಿ ಮಾರಿ ಸಣ್ಣದಾತು.
"ಯಾಕ್ರಿ? ನನ್ನ ಅಕ್ಷರ ಚಂದ ಇಲ್ಲೇನ್ರಿ?"

ಯಾರೂ ಮಾತಾಡಲಿಲ್ಲ.
ಪೂರ್ಣಾಬಾಯಿ ಮೂಗು ಸೇದಿದ್ಲು, ದುಶ್ಮನಿ ಮರತು.
ಆಮ್ಯಾಲ ನಿಧಾನಕ, ಅನ್ನ ಬಸದಂಗ,
ತಿಳೀತು ಆಕೀಗೆ. ಬಾಟ್ಲಿ ನೆಲಕ್ಕ ಇಟ್ಲು.

ಚಾದ ಅಂಗಡಿ ಹುಡುಗನ್ನ ಕರದು ಸಹಿ ಹಾಕಿಸಿದೆ.
ದಕ್ಷಿಣದ ಖೋಲಿ, ಖಾರಾ ಕುಟ್ಟೂ ಒರಳು ಸಹಿತ,
*ದಾವಲಬಿ ಇವರಿಗೆ ಹಯಾತ್ ಪರ್ಯಂತ.*
ಮೂರು ಪುಟದ ಪತ್ರದಾಗ
ನಾ ಅರ್ಥಾ ಹೇಳಬೇಕಾಗಲಾರದ ಶಬ್ದ ಅದೊಂದಽ,
ಅದು ಆಕೀ ಮನೀ ಮಾತು.

ಆಟೋ ಹತ್ತೂ ಮುಂದ ಮುದುಕಿ ಬೆರಳು ಎತ್ತಿದ್ಲು:
"ಕೆಲಸಾ ಕಳ್ಳಾಟ ಮಾಡಿದ್ಯೋ, ನಾಳೇನಽ ಹರೀತೇನಿ. ನೆನಪಿರಲಿ.
ಕೈಮಾಕ್ಕ ಉಪ್ಪು ಹಾಕಿ ಬಂದೀಯೇನಲೇ?"

ಲವಂಗ ಟೇಬಲ್ ಮ್ಯಾಲ ಉಳದಿತ್ತು.
ಬಾಯಾಗ ಹಾಕ್ಕೊಂಡೆ. ಇನ್ನೂ ಖಾರ ಇತ್ತು.